ಗಡಿ ಹೊತ್ತವರ ಊರು

ಒಂದು ಊರಿನ ಚರಿತ್ರೆ ಬರೆಯಿರಿ ಅಂದರೆ ನಮ್ಮ ಪಂಡಿತರು ನೆಟ್ಟಗೆ ದೇವಸ್ಥಾನಕ್ಕೆ ಹೋಗುತ್ತಾರೆ. ಕಂಬ ಎಣಿಸುತ್ತಾರೆ, ಕಲ್ಲಿನ ಮೇಲಿನ ಅಕ್ಷರ ಓದುತ್ತಾರೆ, ಕಟ್ಟಿಸಿದ ದಂಡನಾಯಕನ ಹೆಸರು, ಅವನ ಬಿರುದು, ಅವನ ದೊರೆಯ ಬಿರುದು ಎಲ್ಲ ಗುರುತು ಹಾಕಿಕೊಂಡು ಊಟಕ್ಕೆ ಏಳುತ್ತಾರೆ. ಊರಾಚೆ ಇರೋ ಕೇರಿಗೂ ಒಂದು ಚರಿತ್ರೆ ಇರಬಹುದು ಅಂತ ಯಾರಿಗೂ ಅನ್ನಿಸೋದಿಲ್ಲ. ತುಂಗಭದ್ರೆಯ ದಂಡೆಯ ಹರಿಹರದ ಚರಿತ್ರೆಯನ್ನೂ ಹೀಗೇ ಬರೆದಿದ್ದಾರೆ. ಹೊಯ್ಸಳರ ಪೋಲಾಳ್ವ ದಂಡನಾಥ 1224ರಲ್ಲಿ ಹರಿಹರೇಶ್ವರನ ಗುಡಿ ಕಟ್ಟಿಸಿದ, 1268ರಲ್ಲಿ ಸೋಮ ದಂಡನಾಯಕ ಗೋಪುರ ಎತ್ತಿಸಿದ. ಅಲ್ಲಿಗೆ ಊರಿನ ಕಥೆ ಮುಗಿಯಿತು.

ತುಮಕೂರು ಸೀಮೆಯ ನಾವು ಹರಿಹರದ ಮಾತು ಯಾಕೆ ಎತ್ತುತ್ತೇವೆ ಅಂತ ಕೆಲವರು ಕೇಳಬಹುದು. ಕಾರಣ ಇದೆ. ನಮ್ಮದು ಕೆರೆ ಸೀಮೆ. ಶಿಂಷಾ ನಮ್ಮ ದೇವರಾಯನದುರ್ಗದ ಬೆಟ್ಟದಲ್ಲೇ ಹುಟ್ಟಿ ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಹರಿದು ಹೋಗುತ್ತದೆ. ಆದರೆ ಅದು ಕಡಬದ ಕೆರೆ ತುಂಬಿಸುವ ಹೊಳೆ, ಮಾರ್ಕೋನಹಳ್ಳಿಯಲ್ಲಿ ನಿಲ್ಲುವ ಹೊಳೆ. ಅದು ಎಂದೂ ಎರಡು ರಾಜ್ಯಗಳ ನಡುವೆ ಗೆರೆ ಎಳೆಯಲಿಲ್ಲ. ಹೊಳೆಯೇ ಗಡಿಯಾದರೆ ಊರು ಏನಾಗುತ್ತದೆ, ಊರಿನ ಕಟ್ಟಕಡೆಯ ಮನುಷ್ಯ ಏನಾಗುತ್ತಾನೆ ಅಂತ ತಿಳಿಯಬೇಕಾದರೆ ನಮ್ಮೂರ ಸ್ಟೇಷನ್ನಿನಲ್ಲೇ ರೈಲು ಹತ್ತಬೇಕು. ಬೆಂಗಳೂರಿನಿಂದ ತುಮಕೂರಿಗೂ ಅಲ್ಲಿಂದ ಗುಬ್ಬಿಗೂ ಹಳಿ ಬಿದ್ದದ್ದು 1884ರಲ್ಲಿ. ಗುಬ್ಬಿಯ ನಾಟಕ ಕಂಪನಿ ಹುಟ್ಟಿದ್ದೂ ಅದೇ ವರ್ಷ. ಐದು ವರ್ಷ ಗುಬ್ಬಿಯೇ ಈ ದಿಕ್ಕಿನ ಕೊನೆ ಸ್ಟೇಷನ್ನು. 1889ರಲ್ಲಿ ಹಳಿ ಹರಿಹರ ಮುಟ್ಟಿತು, ಅಂದರೆ ಮೈಸೂರು ಸೀಮೆಯ ಅಂಚು ಮುಟ್ಟಿತು. (ಕುಣಿಗಲ್ಲಿಗೆ ರೈಲು ಬರಲು 2017ರವರೆಗೂ ಕಾಯಬೇಕಾಯಿತು, ಆ ಮಾತು ಬೇರೆ.) ನಮ್ಮೂರ ಮುಂದೆ ಹಾದುಹೋಗುವ ಪೂನಾ ರಸ್ತೆಯೂ ಅಲ್ಲಿಗೇ ಹೋಗಿ ಹೊಳೆ ದಾಟುತ್ತದೆ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಸ್ಥಳಪುರಾಣ. ಗುಹಾಸುರ ಅಂತ ಒಬ್ಬ ಈ ಕಾಡಿನಲ್ಲಿ ಇದ್ದನಂತೆ. ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಅಂತ ವರ ಪಡೆದಿದ್ದನಂತೆ. ಆಗ ಹರಿ ಹರ ಇಬ್ಬರೂ ಸೇರಿ ಒಂದೇ ಮೈ ತಾಳಿ ಬಂದು ಅವನನ್ನು ಕೊಂದರಂತೆ. ಅರ್ಧ ವಿಷ್ಣು, ಅರ್ಧ ಶಿವ, ಇದು ಮತಸಾಮರಸ್ಯದ ಸಂಕೇತ ಅಂತ ಮೇಷ್ಟ್ರುಗಳು ಪಾಠ ಹೇಳುತ್ತಾರೆ. ಇರಬಹುದು. ಆದರೆ ಕಥೆಯನ್ನು ಇನ್ನೊಂದು ಸಲ ಓದಿ. ಜನ್ಮಾಂತರದಿಂದ ಕಿತ್ತಾಡುತ್ತಿದ್ದ ಎರಡು ಮತದವರು ಜಗಳ ಬಿಟ್ಟು ಒಂದಾದದ್ದು ಯಾತಕ್ಕೆ? ಆ ನೆಲದಲ್ಲಿ ಮೊದಲಿಂದ ಇದ್ದ ಮೂರನೆಯವನನ್ನು ಮುಗಿಸೋದಕ್ಕೆ. ನಮ್ಮ ಹಳ್ಳಿಗಳಲ್ಲಿ ಈ ಕಥೆ ಇಂದಿಗೂ ನಡೆಯುತ್ತದೆ. ಪಂಚಾಯ್ತಿ ಚುನಾವಣೆಯಲ್ಲಿ ಬಡಿದಾಡಿಕೊಂಡ ಎರಡು ಪಾರ್ಟಿಯ ಗೌಡರು ಹಟ್ಟಿಯವರು ಕೂಲಿ ಹೆಚ್ಚಿಗೆ ಕೇಳಿದ ಮಾರನೆಯ ದಿನ ಒಂದೇ ಜಗಲಿಯ ಮೇಲೆ ಕೂತಿರುತ್ತಾರೆ.

ಗುಡಿಯಲ್ಲಿ ಇರುವ ಶಾಸನಗಳ ಪೈಕಿ ನನಗೆ ಮುಖ್ಯ ಅನ್ನಿಸೋದು ದಂಡನಾಯಕರದ್ದಲ್ಲ, ಒಂದು ಅಣೆಕಟ್ಟಿನದು. ಹರಿಹರದ ಹತ್ತಿರ ತುಂಗಭದ್ರೆಗೆ ಹರಿದ್ರಾ ಅನ್ನೋ ಹಳ್ಳ ಬಂದು ಸೇರುತ್ತದೆ. ಎರಡು ನೀರು ಕೂಡುವ ಜಾಗವಾದ್ದರಿಂದಲೇ ಊರಿಗೆ ಕೂಡಲೂರು ಅನ್ನೋ ಹಳೆ ಹೆಸರು. ಈ ಹರಿದ್ರಾ ಬರೋದು ಸೂಳೆಕೆರೆಯಿಂದ. ಶಾಂತವ್ವ ಅನ್ನೋ ಹೆಣ್ಣುಮಗಳು ಕಟ್ಟಿಸಿದ್ದು ಅಂತ ಜನ ಹೇಳುವ ಆ ಕೆರೆಯ ಹೆಸರನ್ನು ಕರೆಯೋಕೆ ನಾಚಿಕೊಂಡು ಮರ್ಯಾದಸ್ಥರು ಶಾಂತಿಸಾಗರ ಅಂತ ಮಾಡಿದ್ದಾರೆ. ಇರಲಿ. 1410ರಲ್ಲಿ, ವಿಜಯನಗರದ ದೇವರಾಯನ ಕಾಲದಲ್ಲಿ, ಈ ಹರಿದ್ರೆಗೆ ಅಡ್ಡ ಕಟ್ಟಿ ಕಾಲುವೆ ತೆಗೆದರು. ಆ ನೀರು ಹಾಯುವ ಗದ್ದೆಗಳಲ್ಲಿ ಎರಡು ಪಾಲು ಹರಿಹರ ದೇವರಿಗೆ, ಒಂದು ಪಾಲು ಬ್ರಾಹ್ಮಣರಿಗೆ ಅಂತ ಕರಾರಾಯಿತು. ಹದಿನಾಲ್ಕು ವರ್ಷಕ್ಕೆ ಕಟ್ಟೆ ಒಡೆಯಿತು. 1424ರಲ್ಲಿ ಚಾಮನೃಪ ಅನ್ನೋ ದಂಡನಾಯಕನಿಂದ ಹೊನ್ನು ಕೊಡಿಸಿ ಮತ್ತೆ ಕಟ್ಟಿಸಿದರು.

ಲೆಕ್ಕ ನೋಡಿ. ಎರಡು ಮತ್ತು ಒಂದು ಸೇರಿ ಮೂರು. ಪಾಲು ಅಲ್ಲಿಗೇ ತೀರಿತು. ಮಣ್ಣು ಹೊತ್ತವನಿಗೆ, ಕಲ್ಲು ಒಡೆದವನಿಗೆ, ಕಟ್ಟೆ ಒಡೆದ ರಾತ್ರಿ ನೀರಿಗೆ ಅಡ್ಡ ನಿಂತವನಿಗೆ ಲೆಕ್ಕದಲ್ಲಿ ಜಾಗವೇ ಇಲ್ಲ. ಕೆರೆ ಸೀಮೆಯವರಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ತೂಬು ಎತ್ತಿ ಗದ್ದೆ ಗದ್ದೆಗೆ ನೀರು ಬಿಡುವ ನೀರಗಂಟಿ ಎಷ್ಟೋ ಊರುಗಳಲ್ಲಿ ನಮ್ಮವನೇ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅವನ ಬಾಯಲ್ಲೇ ಇತ್ತು; ಅವನು ಬಿಟ್ಟ ನೀರಿನಿಂದ ಬೆಳೆದ ಬತ್ತದಲ್ಲಿ ಅವನಿಗೆ ಸಿಕ್ಕಿದ್ದು ಕಣದಂಚಿನ ಮೊರದಷ್ಟು.

ಇನ್ನು ಗಡಿಯ ವಿಚಾರ. ಎರಡು ಹಳ್ಳಿಗಳ ನಡುವೆ ಎಲ್ಲೆಯ ತಕರಾರು ಬಂದರೆ ಮೈಸೂರು ಸೀಮೆಯಲ್ಲಿ ಹಿಂದೆ ಏನು ಮಾಡುತ್ತಿದ್ದರು ಅಂತ ಮೆಕೆಂಜಿ ಅನ್ನೋ ಇಂಗ್ಲಿಷ್ ಅಧಿಕಾರಿ 1873ರಲ್ಲಿ ಬರೆದಿಟ್ಟಿದ್ದಾನೆ. ಶಾನುಭೋಗನ ಕಡತ ತರಿಸುತ್ತಿರಲಿಲ್ಲ. ಹೊಲಗೇರಿಯ ಕುಲವಾಡಿಯನ್ನು ಕರೆಸುತ್ತಿದ್ದರು. ಊರ ಮಣ್ಣನ್ನು ನೀರಲ್ಲಿ ಕಲಸಿ ಉಂಡೆ ಮಾಡಿ ಅವನ ತಲೆಯ ಮೇಲೆ ಇಡುತ್ತಿದ್ದರು. ಅವನು ಎಲ್ಲೆಯ ಉದ್ದಕ್ಕೂ ನಡೆಯಬೇಕು. ಅವನು ನಡೆದದ್ದೇ ಗಡಿ. ದಾರಿ ತಪ್ಪಿದರೆ ಉಂಡೆ ತಾನಾಗಿ ಒಡೆಯುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ, ಅವನ ಮನೆ ಹಾಳಾಗುತ್ತದೆ ಅಂತ ನಂಬಿಕೆ. ಊರು ಎಲ್ಲಿಂದ ಎಲ್ಲಿಯವರೆಗೆ ಅಂತ ಅವನಿಗೆ ಮಾತ್ರ ಗೊತ್ತು, ಅವನ ಮಾತನ್ನು ಗೌಡನೂ ಮೀರುವಂತಿಲ್ಲ. ಹಾಗಾದರೆ ಈ ನೆಲ ಮೊದಲು ಯಾರದು ಅನ್ನೋ ಪ್ರಶ್ನೆ ಮೆಕೆಂಜಿಗೆ ಹೊಳೆಯಿತು. ನಮ್ಮ ಪಂಡಿತರಿಗೆ ಹೊಳೆಯಲಿಲ್ಲ. ಊರ ಗಡಿಯನ್ನು ತಲೆ ಮೇಲೆ ಹೊತ್ತವನ ಮನೆ ಮಾತ್ರ ಊರ ಹೊರಗೆ.

ಹಳ್ಳಿಯ ಗಡಿ ಹೀಗೆ ತೀರ್ಮಾನವಾದರೆ ರಾಜ್ಯದ ಗಡಿ ಕತ್ತಿಯಿಂದ ತೀರ್ಮಾನವಾಗುತ್ತಿತ್ತು. ಹರಿಹರ ಯಾರ ಯಾರ ಕೈಗೆ ಹೋಯಿತು ಅನ್ನೋದನ್ನು ಬೇಗ ಹೇಳಿ ಮುಗಿಸುತ್ತೇನೆ. ತರೀಕೆರೆ ಪಾಳೇಗಾರರು ಕೋಟೆ ಕಟ್ಟಿದರು, ಸವಣೂರಿನ ನವಾಬ ಕಿತ್ತುಕೊಂಡ, ಬಿದನೂರಿನವರು ಒಂದು ಲಕ್ಷ ರೂಪಾಯಿಗೆ ಕೊಂಡುಕೊಂಡರು, ಮರಾಠರು ಹಿಡಿದರು, 1763ರಲ್ಲಿ ಹೈದರಾಲಿ ಗೆದ್ದುಕೊಂಡ. ಟಿಪ್ಪು 1799ರಲ್ಲಿ ಬಿದ್ದ ಮೇಲೆ ಹೊಳೆಯ ಈಚೆ ಒಡೆಯರ ಮೈಸೂರು, ಆಚೆ ಪೇಶ್ವೆಯ ಸೀಮೆ. 1803ರಲ್ಲಿ ಇಂಗ್ಲಿಷರ ವೆಲ್ಲೆಸ್ಲಿ ಹರಿಹರದಲ್ಲಿ ದಂಡು ಕೂಡಿಸಿಕೊಂಡು ಹೊಳೆ ದಾಟಿ ಪೂನಾಕ್ಕೆ ಹೋದ. 1818ರ ಹೊತ್ತಿಗೆ ಪೇಶ್ವೆಯೂ ಮುಗಿದ. ಅಲ್ಲಿಂದ 1956ರವರೆಗೆ ಆಚೆ ದಡ ಬೊಂಬಾಯಿ ಸರ್ಕಾರದ ಧಾರವಾಡ ಜಿಲ್ಲೆ, ಈಚೆ ದಡ ಮೈಸೂರು. ಒಂದೇ ಕನ್ನಡ ಮಾತಾಡುವ ಜನ, ಒಂದೇ ನೀರು, ಎರಡು ಸರ್ಕಾರ.

ಹೊಳೆ ದಾಟೋದು ಹೇಗೆ? ಸೇತುವೆ ಆಗುವ ಮುಂಚೆ ಹರಿಗೋಲೇ ಗತಿ. ಬಿದಿರಿನ ದೊಡ್ಡ ಬುಟ್ಟಿ ಹೆಣೆದು ಹೊರಗಡೆ ತೊಗಲು ಹೊದಿಸಿದರೆ ಹರಿಗೋಲು. ಹುಟ್ಟು ಹಾಕುವವನು ಅಂಬಿಗ. ತೊಗಲು ಎಲ್ಲಿಂದ ಬರಬೇಕು? ಸತ್ತ ದನ ಎಳೆದು, ಚರ್ಮ ಸುಲಿದು, ತಂಗಡಿ ತೊಗಟೆಯ ನೀರಲ್ಲಿ ಹದ ಮಾಡುವ ಮಾದಿಗರ ಕೇರಿಯಿಂದಲೇ ಬರಬೇಕು. ಮಡಿ ಉಟ್ಟ ಭಟ್ಟರು, ತೀರ್ಥಯಾತ್ರೆಯ ಆಚಾರ್ಯರು, ಹರಿಹರೇಶ್ವರನ ದರ್ಶನಕ್ಕೆ ಆಚೆ ದಡದಿಂದ ಬರುವ ಸಾಹುಕಾರರು ಎಲ್ಲರೂ ಮುಳುಗದೆ ಬಂದದ್ದು ಆ ತೊಗಲಿನ ಮೇಲೆ. ತೊಗಲಿಗೆ ಮೈಲಿಗೆ ಇಲ್ಲ, ತೊಗಲು ಹದ ಮಾಡಿದ ಕೈಗೆ ಮೈಲಿಗೆ. ಕಪಿಲೆ ಬಾನಿಯಲ್ಲಿ ಬಾವಿ ನೀರು ಎತ್ತುತ್ತಿದ್ದ ನಮ್ಮ ಸೀಮೆಯಲ್ಲೂ ಇದೇ ನ್ಯಾಯ ತಾನೆ.

1865ರವರೆಗೆ ಹರಿಹರದ ಹತ್ತಿರ ಒಂದು ದೇಶೀ ಪಟಾಲಮ್ಮು ಬೀಡು ಬಿಟ್ಟಿತ್ತು. 1868ರಲ್ಲಿ ಪೂನಾ ರಸ್ತೆಗೆ ಕಲ್ಲು ಇಟ್ಟಿಗೆಯ ಸೇತುವೆ ಆಯಿತು. ಅರವತ್ತು ಅಡಿ ಅಗಲದ ಹದಿನಾಲ್ಕು ಕಮಾನು, ಖರ್ಚು ಹತ್ತಿರ ಹತ್ತಿರ ಮೂರು ಲಕ್ಷ. ಸೇತುವೆಯಾದ ಎಂಟನೆಯ ವರ್ಷಕ್ಕೆ ದೊಡ್ಡ ಬರ ಬಂತು. 1871ರಲ್ಲಿ ಮೈಸೂರು ಸೀಮೆಯ ಜನ ಐವತ್ತು ಲಕ್ಷದ ಮೇಲಿದ್ದರು. 1881ರಲ್ಲಿ ಎಣಿಸಿದಾಗ ಉಳಿದಿದ್ದವರು ಸುಮಾರು ನಲವತ್ತೆರಡು ಲಕ್ಷ. ಬರದಲ್ಲಿ ಮೊದಲು ಸಾಯುವವನು ನೆಲವಿಲ್ಲದವನು, ಆಮೇಲೆ ಅವನ ಮಕ್ಕಳು. ದವಸ ಸಾಗಿಸೋಕೆ ರೈಲು ಬೇಕು ಅನ್ನೋ ಬುದ್ಧಿ ಸರ್ಕಾರಕ್ಕೆ ಬಲವಾಗಿ ಬಂದದ್ದು ಅಷ್ಟು ಹೆಣ ಬಿದ್ದ ಮೇಲೆ. ಗುಬ್ಬಿಯಿಂದ ಹರಿಹರದ ತನಕದ ಹಳಿಗೆ ಬಂಡವಾಳ ಲಂಡನ್ನಿನ ಸಾಲ. ಮಣ್ಣು ಯಾರ ತಲೆಯ ಮೇಲೆ ಹೋಯಿತು ಅಂತ ಬರೆದುಕೊಂಡವರಿಲ್ಲ, 1410ರಲ್ಲಿ ಬರೆದುಕೊಳ್ಳದ ಹಾಗೆ.

ಎರಡು ಸರ್ಕಾರ ಇದ್ದಿದ್ದರಿಂದ ನಮ್ಮ ಜನಕ್ಕೆ ಏನಾದರೂ ಬದಲಾಯಿತೆ? ಕಾಗದದ ಮೇಲೆ ನೋಡಿದರೆ ಬದಲಾಯಿತು. ಮೈಸೂರಿನಲ್ಲಿ 1918ರಲ್ಲಿ ಮಿಲ್ಲರ್ ಸಮಿತಿ ಕೂತಿತು. ಆದರೆ ಅದು ಬ್ರಾಹ್ಮಣರನ್ನು ಬಿಟ್ಟು ಹೆಚ್ಚು ಕಡಿಮೆ ಎಲ್ಲ ಹಿಂದೂಗಳನ್ನೂ ಹಿಂದುಳಿದವರು ಅಂತ ಒಂದೇ ಮೂಟೆಗೆ ಕಟ್ಟಿತು. ಆ ಮೂಟೆ ಬಿಚ್ಚಿದಾಗ ಮೇಲೆ ಇದ್ದವರು ಯಾರು, ತಳದಲ್ಲಿ ಉಳಿದವರು ಯಾರು ಅಂತ ಬೇರೆ ಹೇಳಬೇಕಿಲ್ಲ. ಆಚೆ ದಡದ ಬೊಂಬಾಯಿ ಶಾಸನಸಭೆ 1923ರಲ್ಲೇ ಬೋಲೆಯವರ ಗೊತ್ತುವಳಿ ಪಾಸು ಮಾಡಿ, ಸರ್ಕಾರಿ ಬಾವಿ, ಕೆರೆ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ಮುಕ್ತ ಅಂದಿತು. ಆ ಗೊತ್ತುವಳಿಯನ್ನು ಕೈಯಲ್ಲಿ ಹಿಡಿದೇ ಬಾಬಾಸಾಹೇಬರು 1927ರ ಮಾರ್ಚಿನಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದ್ದು. ಅಂದರೆ ಹರಿಹರದ ಕೇರಿಯವನು ಸೇತುವೆ ದಾಟಿ ಆಚೆ ಹೋದರೆ ಕಾನೂನಿನ ಪ್ರಕಾರ ಸಾರ್ವಜನಿಕ ಬಾವಿಯ ನೀರು ಸೇದಬಹುದು. ಸೇದಿದರೆ ಏನಾಗುತ್ತಿತ್ತು ಅಂತ ತಿಳಿಯೋಕೆ ಮಹಾಡದಲ್ಲಿ ಏನಾಯಿತು ಅಂತ ನೋಡಿದರೆ ಸಾಕು: ಜನರ ತಲೆ ಒಡೆದರು, ಕೆರೆಯ ನೀರಿಗೆ ಗಂಜಲ ಸೆಗಣಿ ಹಾಕಿ ಶುದ್ಧಿ ಮಾಡಿಕೊಂಡರು. ಗುಡಿ ಪ್ರವೇಶದ ಕಾನೂನು ಆಚೆ ದಡಕ್ಕೆ 1947ರಲ್ಲಿ ಬಂತು, ಈಚೆ ದಡಕ್ಕೆ 1948ರಲ್ಲಿ. ಒಂದು ವರ್ಷದ ವ್ಯತ್ಯಾಸ. ಎರಡು ದಡದಲ್ಲೂ ಕೇರಿ ಊರಾಚೆಯೇ ಇತ್ತು.

1956ರ ನವೆಂಬರ್ ಒಂದಕ್ಕೆ ಹೊಳೆ ಗಡಿಯಾಗಿರೋದು ನಿಂತಿತು. ಕನ್ನಡ ನಾಡು ಒಂದಾಯಿತು, ಸೇತುವೆಯ ಎರಡೂ ತುದಿಯಲ್ಲಿ ಒಂದೇ ಸರ್ಕಾರ. ಸಂತೋಷ. ಊರಿಗೂ ಕೇರಿಗೂ ನಡುವೆ ಇದ್ದ ಗಡಿಯ ಏಕೀಕರಣಕ್ಕೆ ಮಾತ್ರ ಯಾವ ಸಮಿತಿಯೂ ನೇಮಕವಾಗಲಿಲ್ಲ.

ಈ ನಡುವೆ ಊರಿಗೆ ಯಂತ್ರ ಬಂತು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಗಿ ಲೇತು ಯಂತ್ರ ಮಾಡತೊಡಗಿತು. ರೈಲು ಬಂದಾಗ ಕೂಲಿ ಸಿಕ್ಕಿತು, ಕಾರ್ಖಾನೆ ಬಂದಾಗ ಸಂಬಳ ಸಿಕ್ಕಿತು. ತಿಂಗಳಿಗೆ ಒಂದು ದಿನ ಎಣಿಸಿ ಕೈಗೆ ಬರುವ ಸಂಬಳ ಅನ್ನೋದು ಜೀತದ ಮನೆಯಿಂದ ಬಂದವನಿಗೆ ಏನು ಅಂತ ಜೀತ ಕಂಡವರೇ ಬಲ್ಲರು. ಆ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಇನ್ನೊಂದು ಕಾರ್ಖಾನೆ 1972ರಲ್ಲಿ ಆಚೆ ದಡದ ಕುಮಾರಪಟ್ಟಣದಲ್ಲಿ ಎದ್ದಿತು. ಹೆಸರು ಹರಿಹರ ಪಾಲಿಫೈಬರ್ಸ್, ಬಿರ್ಲಾ ಒಡೆತನ. ಮರದ ತಿರುಳಿನಿಂದ ಬಟ್ಟೆಯ ನಾರಿಗೆ ಬೇಕಾದ ಸರಕು ಮಾಡುವ ಕಾರ್ಖಾನೆ. ಅದರ ಕೊಳಕು ನೀರು ತುಂಗಭದ್ರೆಗೆ ಬಿದ್ದು ಮೀನು ಸತ್ತು ತೇಲಿದವು, ಕೆಳಗಿನ ಹಳ್ಳಿಗಳ ಜನ ಮೈ ತೊಳೆಯೋಕೆ ಹೆದರಿದರು. ಮರಕ್ಕೋಸ್ಕರ 1984ರಲ್ಲಿ ಸರ್ಕಾರವೇ ಆ ಕಂಪನಿಯ ಜೊತೆ ಪಾಲುದಾರನಾಗಿ ಕರ್ನಾಟಕ ಪಲ್ಪ್‌ವುಡ್ ಅನ್ನೋ ಕಂಪನಿ ತೆರೆದು, ಮುಕ್ಕಾಲು ಲಕ್ಷ ಎಕರೆ ನೆಲದಲ್ಲಿ ನೀಲಗಿರಿ ಹಾಕೋಕೆ ಹೊರಟಿತು. ಯಾವ ನೆಲ? ಸರ್ಕಾರದ ಕಡತದಲ್ಲಿ ಪಾಳು. ಹಳ್ಳಿಯವರಿಗೆ ಅದು ಗೋಮಾಳ, ಸೌದೆ ಆರಿಸುವ ಜಾಗ, ನೆಲವಿಲ್ಲದವನು ಎರಡು ಕುರಿ ಕಟ್ಟಿಕೊಂಡು ಬದುಕುವ ಜಾಗ. ಸಮಾಜ ಪರಿವರ್ತನ ಸಮುದಾಯದವರೂ ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. 1991ರಲ್ಲಿ ಆ ಪಲ್ಪ್‌ವುಡ್ ಕಂಪನಿ ಮುಚ್ಚಿತು. ಇದನ್ನು ಬರೀ ಪರಿಸರದ ಹೋರಾಟ ಅಂತ ಓದುವವರಿದ್ದಾರೆ. ದರಖಾಸ್ತಿಗೆ ಅರ್ಜಿ ಹಾಕಿ ತಾಲ್ಲೂಕು ಕಚೇರಿಗೆ ಚಪ್ಪಲಿ ಸವೆಸಿದ ನಮ್ಮವರಿಗೆ ಅದು ನೆಲದ ಹೋರಾಟವಾಗಿಯೇ ಕಾಣುತ್ತದೆ. ಬಡವ ಒಂದು ಎಕರೆ ಕೇಳಿದರೆ ಇಲ್ಲ ಅಂದ ಸರ್ಕಾರಕ್ಕೆ ಕಂಪನಿಗೆ ಕೊಡಲು ಅಷ್ಟೊಂದು ನೆಲ ಎಲ್ಲಿಂದ ಬಂತು?

ಈಗ ಆ ದೊಡ್ಡ ಕಾರಣ. ಈ ಊರು ಕರ್ನಾಟಕಕ್ಕೆ ಇಬ್ಬರನ್ನು ಕೊಟ್ಟಿದೆ. 1924ರಲ್ಲಿ ಹುಟ್ಟಿದ ಬಿ. ಬಸವಲಿಂಗಪ್ಪ, 1938ರ ಜೂನ್ 9ರಂದು ಹುಟ್ಟಿದ ಬಿ. ಕೃಷ್ಣಪ್ಪ. ದಲಿತ ಚಳವಳಿಯ ಗಂಧ ಗೊತ್ತಿರುವ ಯಾರಿಗೂ ಈ ಎರಡು ಹೆಸರು ಗೊತ್ತು. ಇಬ್ಬರೂ ಒಂದೇ ಊರಿನವರು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ.

ಬಸವಲಿಂಗಪ್ಪನವರು ವಕೀಲರು. 1972ರಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಪೌರಾಡಳಿತ ಅವರ ಕೈಗೆ ಬಂತು. ಅವರು ಮಾಡಿದ ಮೊದಲ ದೊಡ್ಡ ಕೆಲಸ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿ ಅಂತ ಆಜ್ಞೆ ಮಾಡಿದ್ದು. ಇಡೀ ದೇಶಕ್ಕೆ ಅಂಥ ಕಾನೂನು ದಿಲ್ಲಿಯಿಂದ ಬಂದದ್ದು 1993ರಲ್ಲಿ, ಅದೂ ಸಾಲದೆ ಮತ್ತೆ 2013ರಲ್ಲಿ. ಹಿಂದೆ ಕುಲವಾಡಿಯ ತಲೆಯ ಮೇಲೆ ಊರ ಮಣ್ಣು ಇಟ್ಟರು, ಪುರಸಭೆಗಳು ಬಂದ ಮೇಲೆ ಊರಿನ ಮಲ ಇಟ್ಟರು. ಆ ತಲೆಹೊರೆ ಇಳಿಸಿ ಅಂತ ಮಂತ್ರಿಯ ಕುರ್ಚಿಯ ಮೇಲೆ ಕೂತು ಹೇಳಿದವನು ಈ ಊರಿನವನು.

ಅದೇ ಮನುಷ್ಯ 1973ರ ನವೆಂಬರಿನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಬೂಸಾ ಅಂದರೆ ದನಕ್ಕೆ ಇಡುವ ತೌಡು ಹೊಟ್ಟು. ದನ ಸಾಕಿದವರಿಗೆ ಅದು ಬೈಗುಳ ಕೂಡ ಅಲ್ಲ. ಆದರೆ ಹೇಳಿದವನು ಹೊಲಗೇರಿಯಿಂದ ಬಂದವನು. ಊರೂರಿನಲ್ಲಿ ಬೆಂಕಿ ಬಿತ್ತು. ದಲಿತ ಹುಡುಗರ ಹಾಸ್ಟೆಲುಗಳಿಗೆ ನುಗ್ಗಿ ಹೊಡೆದರು. ಸಾಹಿತ್ಯ ಓದಿಯೇ ಇಲ್ಲದವರಿಗೂ ಒಂದೇ ರಾತ್ರಿಯಲ್ಲಿ ಸಾಹಿತ್ಯದ ಮೇಲೆ ಮಮತೆ ಉಕ್ಕಿತು. ಕುವೆಂಪು ಬಸವಲಿಂಗಪ್ಪನವರ ಪರ ನಿಂತರು. ಅಷ್ಟಾದರೂ ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಹಾಸ್ಟೆಲಿನಲ್ಲಿ ಏಟು ತಿಂದ ಆ ಹುಡುಗರು ಸುಮ್ಮನೆ ಮನೆಗೆ ಹೋಗಲಿಲ್ಲ. ಅವರಲ್ಲಿ ಎಷ್ಟೋ ಜನ ಮುಂದೆ ಬರೆದರು, ಹಾಡಿದರು, ಸಂಘ ಕಟ್ಟಿದರು. ಇಂಥ ಪತ್ರಿಕೆಗಳು ಹುಟ್ಟಿದ್ದೂ ಆ ಏಟಿನಿಂದಲೇ.

ಸಂಘ ಕಟ್ಟಲು ಮುಂದೆ ನಿಂತವರು ಹರಿಹರದ ಇನ್ನೊಬ್ಬರು. ಮಾದಿಗರ ಕೇರಿಯಿಂದ ಬಂದ ಕೃಷ್ಣಪ್ಪನವರು ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಭದ್ರಾವತಿಯಲ್ಲೇ 1974-75ರ ಸುಮಾರಿಗೆ ದಲಿತ ಸಂಘರ್ಷ ಸಮಿತಿ ಮೈ ತಳೆಯಿತು. ಪಾಠ ಮುಗಿಸಿ ಸಂಜೆ ಬಸ್ಸು ಹತ್ತಿ ಹಳ್ಳಿಗೆ ಹೋಗೋದು, ಕೇರಿಯಲ್ಲಿ ಕೂತು ಮಾತಾಡೋದು, ಬೆಳಗಿನ ಬಸ್ಸಿಗೆ ಕಾಲೇಜಿಗೆ ವಾಪಸ್ಸು. ಹಳ್ಳಿ ಮೇಷ್ಟ್ರುಗಳಾದ ನಮಗೆ ಈ ಓಡಾಟ ಏನು ಅಂತ ಗೊತ್ತು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಗೋಷ್ಠಿ ಕೇಳಿದಾಗ ಇಲ್ಲ ಅಂದರಲ್ಲ, ಆಗ ಅದೇ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಮ್ಮೇಳನ ಸೇರಿತು. ಸಾಹಿತ್ಯದ ಜಗಳ ಒಂದು ಕಡೆ ನಡೆಯಲಿ ಅಂತ ಸಮಿತಿ ನೆಲದ ಕಡೆ ತಿರುಗಿತು. ಸಿದ್ಲೀಪುರ, ಚಂದಗೋಡಿನ ಭೂಮಿ ಹೋರಾಟಗಳು ಹುಟ್ಟಿದ್ದು ಹಾಗೆ. 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಹೆಣ್ಣುಮಕ್ಕಳನ್ನು ಬೆತ್ತಲೆ ಓಡಿಸುವ ಸೇವೆಯನ್ನು ತಡೆಯಲು ಹೋದಾಗ ಕಾರ್ಯಕರ್ತರನ್ನೂ ಪೊಲೀಸರನ್ನೂ ಹಿಡಿದು ಬಟ್ಟೆ ಬಿಚ್ಚಿ ಹೊಡೆದರು. ಆ ಮೇಲೆ ಸರ್ಕಾರ ಬೆತ್ತಲೆ ಸೇವೆ ನಿಷೇಧಿಸಿತು.

ಇವರಿಬ್ಬರೂ ಹರಿಹರದಲ್ಲೇ ಯಾಕೆ ಹುಟ್ಟಿದರು ಅಂತ ಕೇಳೋದು ಹುಡುಗಾಟದ ಪ್ರಶ್ನೆ. ಹುಟ್ಟಿದವರು ಎಲ್ಲ ಕೇರಿಗಳಲ್ಲೂ ಇದ್ದಾರೆ. ಆದರೆ ಹುಟ್ಟಿದವರು ಹೊರಗೆ ಬರೋಕೆ ಒಂದು ದಾರಿ ಬೇಕು. ಒಳನಾಡಿನ ಹಳ್ಳಿಯ ಕೇರಿಗೆ ಒಂದೇ ದಾರಿ, ಅದು ಗೌಡನ ಮನೆ ಮುಂದೆ ಹಾಯುತ್ತದೆ. ಹರಿಹರದ ಕೇರಿಗೆ ಪೂನಾ ರಸ್ತೆ ಇತ್ತು, ರೈಲು ಇತ್ತು, ಕಾರ್ಖಾನೆಯ ಶಿಳ್ಳೆ ಇತ್ತು, ಆಚೆ ದಡದಲ್ಲಿ ಇನ್ನೊಂದು ಸರ್ಕಾರ, ಇನ್ನೊಂದು ಸುದ್ದಿ ಇತ್ತು. ಗಡಿ ಊರಿನವನಿಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ: ಇಲ್ಲಿಯ ಕಾನೂನು ದೇವರು ಬರೆದದ್ದಲ್ಲ, ಹೊಳೆ ದಾಟಿದರೆ ಬೇರೆ ಕಾನೂನು. ಇದು ನನ್ನ ಅನಿಸಿಕೆ, ಒಪ್ಪದವರು ಬರೆಯಲಿ, ಜಗಳ ಆಡೋಣ.

ಬಸವಲಿಂಗಪ್ಪನವರು 1992ರಲ್ಲಿ ತೀರಿಕೊಂಡರು, ಕೃಷ್ಣಪ್ಪನವರು 1997ರ ಏಪ್ರಿಲ್ 30ರಂದು. ಅದೇ ವರ್ಷ ಆಗಸ್ಟಿನಲ್ಲಿ ದಾವಣಗೆರೆ, ಹಾವೇರಿ ಹೊಸ ಜಿಲ್ಲೆಗಳಾಗಿ ಹೊಳೆ ಅವೆರಡರ ನಡುವಿನ ಗಡಿಯಾಯಿತು. ಕೃಷ್ಣಪ್ಪನವರ ಸಮಾಧಿ ಹರಿಹರದ ಹೊರಗೆ ಹನಗವಾಡಿ ಹತ್ತಿರದ ಮೈತ್ರಿವನದಲ್ಲಿದೆ. ತುಮಕೂರಿನಲ್ಲೋ ಗುಬ್ಬಿಯಲ್ಲೋ ಹುಬ್ಬಳ್ಳಿ ಕಡೆಯ ರೈಲು ಹತ್ತಿ ಹರಿಹರದಲ್ಲಿ ಇಳಿದವರು ಗುಡಿಯ ಕಂಬ ನೋಡಿ ಬನ್ನಿ, ಚೆನ್ನಾಗಿದೆ. ಹಾಗೆಯೇ ಮೈತ್ರಿವನಕ್ಕೆ ಹೋಗಿ, ಕೇರಿಗೆ ಹೋಗಿ. ಮೇಷ್ಟ್ರುಗಳಾಗಿದ್ದರೆ ಒಂದು ನೋಟುಬುಕ್ಕು ಇಟ್ಟುಕೊಂಡು ಹೋಗಿ. ಕುಲವಾಡಿ ಮನೆತನದವರು ಇದ್ದರೆ ಎಲ್ಲೆ ನಡೆದ ಮಾತು ಮನೆಯಲ್ಲಿ ಯಾರಾದರೂ ಕೇಳಿದ್ದಾರಾ ಅಂತ ವಿಚಾರಿಸಿ. ಹರಿಗೋಲಿಗೆ ತೊಗಲು ಹೊಲಿದ ಅಜ್ಜಂದಿರ ಹೆಸರು, ಕಾರ್ಖಾನೆಯ ಮೊದಲ ಸಂಬಳದಲ್ಲಿ ಏನು ತಂದರು ಅನ್ನೋದು, ಎಲ್ಲ ಬರೆದುಕೊಂಡು ಬನ್ನಿ. ಈ ಪತ್ರಿಕೆಯಲ್ಲಿ ಅಚ್ಚು ಹಾಕೋಣ.